ಡಿಜಿಟಲ್ ಮಾಧ್ಯಮ ನೀತಿಯಲ್ಲಿ ಸಂಸ್ಕೃತಿಯ ಸ್ಥಾನ

ಸರ್ಕಾರವು ರಸ್ತೆಯೊಂದನ್ನು ಕಟ್ಟಿಸುವಾಗ ಅದರ ಮೇಲೆ ದಿನಕ್ಕೆಷ್ಟು ಗಾಡಿಗಳು ಓಡುವುವೆಂದು ಎಣಿಸುವುದು ಸಹಜವಾದುದು. ಆದರೆ ಆ ಗಾಡಿಗಳು ಯಾರ ಬೆಳೆಯನ್ನು ಯಾವ ಸಂತೆಗೆ ಒಯ್ಯುತ್ತವೆ, ಹಿಂತಿರುಗುವಾಗ ಊರಿಗೆ ಏನನ್ನು ತರುತ್ತವೆ ಎಂಬುದನ್ನು ವಿಚಾರಿಸದಿದ್ದರೆ ರಸ್ತೆಯಿಂದ ಆ ಸೀಮೆಯ ಜನರಿಗೆ ಲಾಭವಾಯಿತೋ ನಷ್ಟವಾಯಿತೋ ಎಂಬುದು ತಿಳಿಯುವಂತಿಲ್ಲ. ಅಂತರಜಾಲ, ಮೊಬೈಲ್, ಒಟಿಟಿ ಮೊದಲಾದ ಡಿಜಿಟಲ್ ಮಾಧ್ಯಮಗಳ ವಿಷಯದಲ್ಲಿ ನಮ್ಮ ಸರ್ಕಾರಗಳು ಈಗ ನಡೆಯುತ್ತಿರುವ ರೀತಿಯು ಹೀಗೆಯೇ ಇದೆ. ಎಷ್ಟು ಜನ ನೋಡಿದರು, ಎಷ್ಟು ದೂರುಗಳು ಬಂದವು, ಎಷ್ಟು ಜಾಹೀರಾತು ಸಂದಿತು ಎಂಬುದಕ್ಕೆ ಲೆಕ್ಕವಿದೆ. ನಾಡಿನ ನುಡಿ, ಹಾಡು, ಆಟ, ಕಥೆಗಳು ಆ ಮಾರ್ಗದಲ್ಲಿ ಏನಾದುವೆಂಬುದಕ್ಕೆ ಲೆಕ್ಕವಿಲ್ಲ. ಈ ವಿಷಯವನ್ನು ವಾಚಕರ ಮುಂದೆ, ವಿಶೇಷವಾಗಿ ಆಡಳಿತದಲ್ಲಿರುವ ಮಹನೀಯರ ಮುಂದೆ ಇಡುವುದು ಈ ಲೇಖನದ ಉದ್ದೇಶ.

2021ರ ಫೆಬ್ರವರಿ 25ರಂದು ಭಾರತ ಸರ್ಕಾರವು ಡಿಜಿಟಲ್ ಮಾಧ್ಯಮಗಳ ನೀತಿ ಸಂಹಿತೆಯನ್ನೊಳಗೊಂಡ ನಿಯಮಾವಳಿಯೊಂದನ್ನು ಹೊರಡಿಸಿತು. ಪ್ರೇಕ್ಷಕರ ವಯಸ್ಸಿಗೆ ತಕ್ಕಂತೆ ಚಿತ್ರಗಳನ್ನು ವಿಂಗಡಿಸಬೇಕು, ದೂರುಗಳನ್ನು ಮೂರು ಹಂತಗಳಲ್ಲಿ ವಿಚಾರಿಸಬೇಕು ಎಂದು ಮುಂತಾಗಿ ಅದು ವಿಧಿಸಿತು. ಆ ಸಂಹಿತೆಯಲ್ಲಿ ಸಂಸ್ಕೃತಿಯನ್ನು ಹುಡುಕಿದರೆ ದೊರೆಯುವುದು ಮುಖ್ಯವಾಗಿ ಒಂದು ಎಚ್ಚರಿಕೆ: ಈ ದೇಶವು ಹಲವು ಜನಾಂಗಗಳ, ಹಲವು ಧರ್ಮಗಳ ದೇಶವಾದುದರಿಂದ ಅವರವರ ಆಚಾರ ವಿಚಾರಗಳನ್ನು ಚಿತ್ರಿಸುವಾಗ ಜಾಗರೂಕರಾಗಿರಬೇಕೆಂಬುದು. ಈ ಎಚ್ಚರಿಕೆಯು ಅನಾವಶ್ಯಕವೆಂದು ನಾವು ಹೇಳುವುದಿಲ್ಲ. ಆದರೆ ಇಲ್ಲಿ ಸಂಸ್ಕೃತಿಯು ನೋಯಬಹುದಾದ ಒಂದು ವಸ್ತುವಾಗಿ ಮಾತ್ರ ಕಾಣಿಸಿಕೊಂಡಿದೆ. ಪೋಷಣೆ ಬೇಕಾದ ವಸ್ತುವಾಗಿ ಕಾಣಿಸಿಕೊಂಡಿಲ್ಲ. 2024ರಲ್ಲಿ ಉತ್ತರ ಪ್ರದೇಶದ ಸರ್ಕಾರವು ಡಿಜಿಟಲ್ ಮಾಧ್ಯಮ ನೀತಿಯೆಂಬ ಹೆಸರಿನಲ್ಲಿಯೇ ಒಂದು ನೀತಿಯನ್ನು ಅಂಗೀಕರಿಸಿತು. ಸರ್ಕಾರದ ಯೋಜನೆಗಳನ್ನು ಪ್ರಚುರಪಡಿಸುವವರಿಗೆ ಅವರ ಅನುಯಾಯಿಗಳ ಸಂಖ್ಯೆಗನುಸಾರವಾಗಿ ಹಣ ಸಲ್ಲಿಸುವುದು ಅದರ ಮುಖ್ಯಾಂಶ. ಅದೇ ವರ್ಷ ಕರ್ನಾಟಕ ಸರ್ಕಾರವೂ ಡಿಜಿಟಲ್ ಜಾಹೀರಾತುಗಳಿಗೆ ಮಾರ್ಗಸೂಚಿಯನ್ನು ರಚಿಸಿತು. ಒಂದು ಕಡೆ ದೂರಿನ ದಫ್ತರ, ಇನ್ನೊಂದು ಕಡೆ ಜಾಹೀರಾತಿನ ದರಪಟ್ಟಿ; ಇವೆರಡರ ನಡುವೆ ಸಂಸ್ಕೃತಿಗೆ ಕುಳಿತುಕೊಳ್ಳಲು ಮಣೆಯಿಲ್ಲ.

ನಮ್ಮ ಸೀಮೆಯ ಉದಾಹರಣೆ

ವಿಷಯವನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ಸೀಮೆಯನ್ನು ಎದುರಿಗಿಟ್ಟುಕೊಂಡು ನೋಡುವುದು ಮೇಲು. ತುಮಕೂರು ನಗರದ ಅಂಚಿನಲ್ಲಿರುವ ಸತ್ಯಮಂಗಲವು ಇಂದು ಕೈಗಾರಿಕಾ ಪ್ರದೇಶವೆಂದು ಹೆಸರಾಗಿದೆ. ತುಮಕೂರು ನಗರವು 2016ರಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಯಂತ್ರ, ವಿದ್ಯುತ್ತು, ಸಂಪರ್ಕ ಇವುಗಳಿಗೆ ಇಲ್ಲಿ ಕೊರತೆಯಿಲ್ಲ; ಕಾರ್ಖಾನೆಯಲ್ಲಿ ದುಡಿಯುವ ಪ್ರತಿಯೊಬ್ಬ ಯುವಕನ ಕಿಸೆಯಲ್ಲಿಯೂ ಒಂದು ಮೊಬೈಲ್ ಇದೆ. ಇಲ್ಲಿಂದ ಪಶ್ಚಿಮಕ್ಕೆ ಗುಬ್ಬಿ, ದಕ್ಷಿಣಕ್ಕೆ ಕುಣಿಗಲ್ಲು. ಎರಡೂ ಕೆಲವೇ ಹರಿದಾರಿಗಳ ದೂರ. ಈ ಎರಡು ಊರುಗಳು ಕನ್ನಡ ನಾಡಿಗೆ ಕೊಟ್ಟುದನ್ನು ನೆನೆದರೆ ನಮ್ಮ ವಾದವು ಸ್ಪಷ್ಟವಾದೀತು.

1884ರಲ್ಲಿ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿತು. ಬಾಲನಟರಾಗಿ ಅದನ್ನು ಸೇರಿ, ಮುಂದೆ ಅದರ ಒಡೆಯರಾದ ವೀರಣ್ಣನವರ ಕಾಲದಲ್ಲಿ ‘ಗುಬ್ಬಿ ಕಂಪನಿ’ಯೆಂಬುದು ಕನ್ನಡ ರಂಗಭೂಮಿಗೆ ಪರ್ಯಾಯ ಪದವೆಂಬಂತಾಯಿತು. ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನು ರಂಗಕ್ಕೆ ತಂದ ಸಂಗತಿಯನ್ನು ಹಿರಿಯರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಬಿ. ಜಯಮ್ಮ, ಹೊನ್ನಪ್ಪ ಭಾಗವತರು, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು, ರಾಜಕುಮಾರ್ ಮೊದಲಾದವರೆಲ್ಲರೂ ಆ ಗರಡಿಯಲ್ಲಿ ಪಳಗಿದವರು, ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಅಲ್ಲಿಗೆ ಬಂದು ಸೇರಿದವರು. ವೀರಣ್ಣನವರು ಹೊಸ ಮಾಧ್ಯಮವನ್ನು ಕಂಡು ಹೆದರಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಚಲನಚಿತ್ರವು ನಾಟಕವನ್ನು ನುಂಗುವುದೆಂದು ಇತರರು ಹಲುಬುತ್ತಿದ್ದಾಗ ಅವರು ತಾವೇ ಚಿತ್ರ ನಿರ್ಮಾಣಕ್ಕಿಳಿದರು. 1954ರ ‘ಬೇಡರ ಕಣ್ಣಪ್ಪ’ವು, ರಾಜಕುಮಾರರು ನಾಯಕರಾಗಿ ಮೊದಲು ಕಾಣಿಸಿಕೊಂಡ ಆ ಚಿತ್ರವು, ಗುಬ್ಬಿಯ ರಂಗಪರಂಪರೆಯಿಂದಲೇ ಬೆಳ್ಳಿತೆರೆಗೆ ಬಂದುದು. ವೀರಣ್ಣನವರು 1972ರಲ್ಲಿ ನಿಧನರಾದರು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ; ಸರ್ಕಾರದ ರಂಗಪ್ರಶಸ್ತಿಗೂ ಅವರ ಹೆಸರಿದೆ.

ಕುಣಿಗಲ್ಲಿನ ಕೊಡುಗೆ ಬೇರೆ ಬಗೆಯದು. ಆ ಊರಿನ ಕೆರೆಯ ಸೊಬಗನ್ನು ಕುರಿತ ಜನಪದ ಗೀತೆಯನ್ನು ಅರಿಯದ ಕನ್ನಡಿಗನಿಲ್ಲ. ಅದನ್ನು ಕಟ್ಟಿದವರು ಯಾರೆಂಬುದು ಯಾರಿಗೂ ತಿಳಿಯದು. ಬಾಯಿಂದ ಬಾಯಿಗೆ ಬಂದು, ಶಾಲೆಯ ಮಕ್ಕಳ ನೃತ್ಯಕ್ಕೂ ಸಂಗೀತ ಸಭೆಗಳಿಗೂ ಹರಡಿ, ಅದು ಸಮಸ್ತ ನಾಡಿನ ಸ್ವತ್ತಾಗಿದೆ. ಇದೇ ಜಿಲ್ಲೆಯ ಶಿರಾ ಸೀಮೆಯ ಕಾಡುಗೊಲ್ಲರು ‘ಗಣೆ’ಯೆಂಬ ಉದ್ದವಾದ ಬಿದಿರಿನ ಕೊಳಲನ್ನು ನುಡಿಸುತ್ತ ತಮ್ಮ ವೀರನಾದ ಜುಂಜಪ್ಪನ ಕಥೆಯನ್ನು ಹಾಡುತ್ತಾರೆ. ಒಂದು ರಾತ್ರಿಗೆ ಮುಗಿಯುವ ಕಥೆಯಲ್ಲ ಅದು. ಅಂಥ ಗಾಯಕರೊಬ್ಬರು ತೀರಿಕೊಂಡರೆ ಅವರೊಡನೆ ಒಂದು ಗ್ರಂಥವೇ ಮಣ್ಣಾಗುತ್ತದೆಯೆಂದರೆ ಅತಿಶಯೋಕ್ತಿಯಾಗದು.

ಈಗ ಸತ್ಯಮಂಗಲದ ಕಾರ್ಖಾನೆಯ ಯುವಕನು ತನ್ನ ಮೊಬೈಲಿನಲ್ಲಿ ಇವುಗಳನ್ನು ಅರಸಿದನೆಂದಿಟ್ಟುಕೊಳ್ಳೋಣ. ಕೆರೆಯ ಹಾಡು ಅವನಿಗೆ ಹತ್ತಾರು ರೂಪಗಳಲ್ಲಿ ದೊರೆತೀತು. ಅದು ಯಾವ ಊರಿನಲ್ಲಿ, ಯಾರಿಂದ, ಯಾವ ವರ್ಷ ಸಂಗ್ರಹವಾಯಿತೆಂಬ ವಿವರ ಮಾತ್ರ ಬಹುಪಾಲು ಇರಲಾರದು. ಹಳೆಯ ರಂಗಗೀತೆಯೊಂದು ದೊರೆತೀತು. ಹಾಡಿದವರ ಹೆಸರಿನ ಸ್ಥಾನದಲ್ಲಿ ಅದನ್ನು ಏರಿಸಿದವನ ಹೆಸರಿದ್ದೀತು. ಗಣೆಯ ನಾದವನ್ನು ಕೇಳಬೇಕಾದರೆ ಅದರ ಹೆಸರು ಅವನಿಗೆ ಮೊದಲೇ ತಿಳಿದಿರಬೇಕು. ಯಂತ್ರವು ತಾನಾಗಿ ಅದನ್ನು ಅವನ ಮುಂದೆ ತಂದಿಡುವುದಿಲ್ಲ. ಹೆಚ್ಚು ಜನರು ನೋಡಿದುದನ್ನೇ ಇನ್ನೂ ಹೆಚ್ಚು ಜನರಿಗೆ ತೋರಿಸುವುದು ಅದರ ಸ್ವಭಾವ. ಕಂದೀಲಿನ ಬೆಳಕಿನಲ್ಲಿ ಹತ್ತು ಹಳ್ಳಿಯ ಜನರಿಗೆ ಕಂಡ ಕಲೆಯು ಕೋಟಿ ಜನರನ್ನು ಮುಟ್ಟಬಲ್ಲ ಯಂತ್ರದಲ್ಲಿ ಮರೆಯಾಗುವುದು ಈ ಕಾರಣದಿಂದ.

ಕಳೆದುಕೊಂಡುದರ ಪಾಠ

ಇದು ಇಂದಿನ ಭಯವಷ್ಟೇ ಅಲ್ಲ. ಹಿಂದೊಮ್ಮೆ ನಮಗೆ ತಟ್ಟಿದ ನಷ್ಟ. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ವು 1934ರಲ್ಲಿ ಬಿಡುಗಡೆಯಾಯಿತು. ವೈ.ವಿ. ರಾವ್ ಅವರು ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಅಭಿನಯಿಸಿದ ಆ ಚಿತ್ರದ ಒಂದು ಪ್ರತಿಯೂ ಈಗ ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರಲ್ಲಿ ಮೂವತ್ತು ವರ್ಷಗಳು ಕಳೆದುಹೋಗಿದ್ದವು. ಮುದ್ರಿತ ಪುಸ್ತಕಗಳ ಪ್ರತಿಗಳನ್ನು ಗೊತ್ತಾದ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು 1954ರಲ್ಲಿಯೇ ದೇಶದಲ್ಲಿ ಕಾನೂನಾಯಿತು. 1956ರಲ್ಲಿ ಪತ್ರಿಕೆಗಳನ್ನೂ ಅದಕ್ಕೆ ಸೇರಿಸಿದರು. ಧ್ವನಿಮುದ್ರಣಗಳನ್ನು ಆ ಕಾನೂನು ಒಳಗೊಳ್ಳಲಿಲ್ಲ, ಚಿತ್ರಗಳನ್ನೂ ಒಳಗೊಳ್ಳಲಿಲ್ಲ. ಕಾಗದದ ಮೇಲಿನ ಕನ್ನಡಕ್ಕೆ ದೊರೆತ ರಕ್ಷಣೆಯು ಬಾಯಿಂದ ನುಡಿದ ಕನ್ನಡಕ್ಕೆ ದೊರೆಯದೆ ಹೋಯಿತು.

ಅಕ್ಷರದ ವಿಷಯದಲ್ಲಿಯೂ ಇಂಥದೇ ಒಂದು ನಷ್ಟವಾಗಿದೆ. ಇದು ಆಡಳಿತಗಾರರಿಗೆ ಪರಿಚಿತವಾದುದು. ಗಣಕಯಂತ್ರದಲ್ಲಿ ಪ್ರಪಂಚದ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸ್ಥಾನವನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯು 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಳವಿದ್ದಿತು. ಆದರೆ ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಬಹುಕಾಲ ಬೇರೆ ಬೇರೆ ಫಾಂಟುಗಳನ್ನೇ ಆಶ್ರಯಿಸಿದವು. ಅವುಗಳಲ್ಲಿ ಕನ್ನಡದ ಆಕೃತಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿದ್ದುವು. ಕಾಗದದ ಮೇಲೆ ಅಚ್ಚಾದಾಗ ಕಣ್ಣಿಗೆ ಕನ್ನಡ. ಯಂತ್ರದ ದೃಷ್ಟಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಾಗೆ ಬರೆದಿಟ್ಟ ಲಕ್ಷಾಂತರ ಪುಟಗಳು ಪರಿವರ್ತನೆಯಾಗುವವರೆಗೆ ಯಾವ ಹುಡುಕಾಟಕ್ಕೂ ಸಿಕ್ಕುವುದಿಲ್ಲ. ಬರೆದುದಕ್ಕೂ ಬರೆಯದಿದ್ದುದಕ್ಕೂ ವ್ಯತ್ಯಾಸವಿಲ್ಲದಂತಾಗುತ್ತದೆ. ಕೆ.ಪಿ. ರಾವ್ ಅವರಂಥ ತಜ್ಞರು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟುದೂ, ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶವನ್ನು ಒದಗಿಸಿದುದೂ, ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಎಡೆಬಿಡದೆ ವಾದಿಸಿದುದೂ ನಾಡು ನೆನೆಯತಕ್ಕ ಉಪಕಾರಗಳು. ಆದರೆ ಇಂಥ ಕಾರ್ಯವು ಕೆಲವರ ಅಭಿಮಾನದ ಬಲದಿಂದ ನಡೆಯಬೇಕಾಗಿ ಬಂದುದು ನೀತಿಯ ದೌರ್ಬಲ್ಯಕ್ಕೆ ಸಾಕ್ಷಿ.

ಇದರ ಫಲವನ್ನು 2021ರ ಜೂನ್ ತಿಂಗಳಲ್ಲಿ ಕಂಡೆವು. ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಗೂಗಲ್ ಶೋಧಕದಲ್ಲಿ ಕೇಳಿದವರಿಗೆ ಕನ್ನಡವೆಂಬ ಉತ್ತರವು ಬಂದಿತು. ನಾಡೆಲ್ಲ ಕುಪಿತವಾಯಿತು, ಸಚಿವರು ಖಂಡಿಸಿದರು, ಸಂಸ್ಥೆಯು ಕ್ಷಮೆ ಕೇಳಿ ಉತ್ತರವನ್ನು ತೆಗೆದುಹಾಕಿತು. ಕೋಪವು ನ್ಯಾಯವಾದುದೇ. ಆದರೆ ಯಂತ್ರಕ್ಕೆ ಸ್ವಂತ ಅಭಿಪ್ರಾಯವೆಂಬುದಿಲ್ಲ. ಯಾವುದೋ ಒಂದು ಮೂಲೆಯ ಪುಟದಲ್ಲಿ ಕಂಡ ಮಾತನ್ನು ಅದು ಎತ್ತಿ ಹೇಳಿತು. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ಸುಮಾರು 4 ಕೋಟಿ 37 ಲಕ್ಷ ಜನರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇರುವ ಲೇಖನಗಳಾದರೋ ಮೂವತ್ತು ಸಾವಿರಕ್ಕೆ ಕೆಲವು ಹೆಚ್ಚು. ತಮಿಳಿನಲ್ಲಿ ಒಂದೂವರೆ ಲಕ್ಷವನ್ನು ಮೀರಿವೆ. ಕ್ಷಮಾಪಣೆಯನ್ನು ಪಡೆದು ಕೈತೊಳೆದುಕೊಳ್ಳುವ ಬದಲು ಈ ಕೊರತೆಯನ್ನು ತುಂಬಲು ಹೊರಟಿದ್ದರೆ ಆ ಕೋಪವು ಸಾರ್ಥಕವಾಗುತ್ತಿದ್ದಿತು. ಈಗ ಕೃತಕ ಬುದ್ಧಿಮತ್ತೆಯ ಕಾಲವು ಬಂದಿರುವುದರಿಂದ ಮಾತು ಇನ್ನೂ ಗಂಭೀರವಾಗಿದೆ. ಆ ಯಂತ್ರಗಳು ತಮಗೆ ಉಣಿಸಿದ ಬರಹವನ್ನೇ ಅರಗಿಸಿಕೊಂಡು ಉತ್ತರ ಹೇಳುತ್ತವೆ. ಗುಬ್ಬಿಯ ರಂಗಭಾಷೆಯೂ ಶಿರಾದ ಗೊಲ್ಲರ ನುಡಿಯೂ ಅವುಗಳಿಗೆ ತಲುಪದಿದ್ದರೆ ಮುಂದಿನ ತಲೆಮಾರಿಗೆ ಅವು ಹೇಳುವ ಕನ್ನಡವು ಬೇರೆ ಭಾಷೆಗಳಿಂದ ತರ್ಜುಮೆಯಾದ ಕನ್ನಡವಾದೀತು. ಕೇಂದ್ರ ಸರ್ಕಾರವು 2022ರಲ್ಲಿ ‘ಭಾಷಿಣಿ’ಯೆಂಬ ಯೋಜನೆಯನ್ನು ಕೈಗೊಂಡಿರುವುದು ಸಂತೋಷದ ಸಂಗತಿ, ಆದರೆ ಅದಕ್ಕೆ ಜಿಲ್ಲೆಯ ನುಡಿಯನ್ನು ಒದಗಿಸುವ ಹೊಣೆಯು ಜಿಲ್ಲೆಯದೇ.

ನಿಷೇಧದ ದಾರಿ

ಸಂಸ್ಕೃತಿಯ ರಕ್ಷಣೆಯೆಂದೊಡನೆ ಕೆಲವರಿಗೆ ಮೊದಲು ತೋರುವ ಉಪಾಯವು ನಿಷೇಧ. ಇದರ ಅನುಭವವು ದೇಶಕ್ಕೆ ಸಾಕಷ್ಟಾಗಿದೆ. 1952ರಲ್ಲಿ ಪ್ರಸಾರ ಖಾತೆಯ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರು ಜನರ ಅಭಿರುಚಿಯನ್ನು ತಿದ್ದಬೇಕೆಂಬ ಸದುದ್ದೇಶದಿಂದ ಆಕಾಶವಾಣಿಯಲ್ಲಿ ಚಲನಚಿತ್ರ ಗೀತೆಗಳನ್ನು ದೂರವಿಟ್ಟರು. ಶ್ರೋತೃಗಳು ಶಾಸ್ತ್ರೀಯ ಸಂಗೀತದ ಕಡೆಗೆ ತಿರುಗಿದರೇ? ಇಲ್ಲ, ರೇಡಿಯೋ ಸಿಲೋನಿನ ಕಡೆಗೆ ತಿರುಗಿದರು. 1957ರಲ್ಲಿ ‘ವಿವಿಧ ಭಾರತಿ’ಯನ್ನು ಆರಂಭಿಸಿ ಸರ್ಕಾರವು ಹೋದ ಕೇಳುಗರನ್ನು ಮರಳಿ ಕರೆಯಬೇಕಾಯಿತು. ನಮ್ಮ ನಾಡಿನಲ್ಲಿ ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಕಟ್ಟು ದಶಕಗಳ ಕಾಲ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅದಕ್ಕೆ ವಿರುದ್ಧವಾಗಿ ತೀರ್ಪಿತ್ತಿತು. ಆ ಕಟ್ಟು ಇದ್ದಾಗಲೂ ಪರಭಾಷೆಯ ಚಿತ್ರಗಳು ನಮ್ಮ ಊರುಗಳಿಗೆ ಬಾರದೆ ಇರಲಿಲ್ಲ. ಅವು ಕನ್ನಡದಲ್ಲಿ ಬರಲಿಲ್ಲ, ಅಷ್ಟೇ. ಅಂದಿನ ಕಲಾವಿದರ ಜೀವನೋಪಾಯದ ಚಿಂತೆಯನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಆದರೆ ಬಾಗಿಲನ್ನು ಮುಚ್ಚುವುದರಿಂದ ಮನೆಯೊಳಗೆ ಅನ್ನವು ಬೇಯುವುದಿಲ್ಲ.

ಇದಕ್ಕೆ ಪ್ರತಿಯಾಗಿ ನಿರ್ಮಾಣದ ದಾರಿಯ ಉದಾಹರಣೆಯೂ ನಮ್ಮಲ್ಲಿಯೇ ಉಂಟು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ರೇಡಿಯೋ ನಿಲಯವನ್ನು ಸ್ಥಾಪಿಸಿದರು. ಅದಕ್ಕೆ ‘ಆಕಾಶವಾಣಿ’ಯೆಂಬ ಹೆಸರಾಯಿತು. ಮುಂದೆ ಮೈಸೂರು ಸಂಸ್ಥಾನವು ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ ಅದು ಅಖಿಲ ಭಾರತದ ಪ್ರಸಾರ ಜಾಲದಲ್ಲಿ ಸೇರಿತು. ಮೈಸೂರಿನ ಆ ಹೆಸರನ್ನು ಸಮಸ್ತ ದೇಶವೂ ಸ್ವೀಕರಿಸಿತು. ಯಂತ್ರವು ಪರದೇಶದಿಂದ ಬಂದುದು. ಅದರ ಬಾಯಲ್ಲಿ ನುಡಿದ ಮಾತೂ ಸಂಗೀತವೂ ನಮ್ಮವು. ಹೊಸ ಮಾಧ್ಯಮವು ಬಂದಾಗ ಅದನ್ನು ತಡೆಯದೆ, ಅದಕ್ಕೆ ಶರಣಾಗದೆ, ನಮ್ಮ ಧ್ವನಿಯನ್ನು ಅದರಲ್ಲಿ ನೆಲೆಗೊಳಿಸುವುದು ಸಾಧ್ಯವೆಂಬುದಕ್ಕೆ ಆಕಾಶವಾಣಿಯೂ ಗುಬ್ಬಿ ಕಂಪನಿಯ ಚಿತ್ರಗಳೂ ಸಾಕಷ್ಟು ಪ್ರಮಾಣ.

ಬೇರೆ ದೇಶಗಳು ಮಾಡಿದುದನ್ನೂ ನೋಡಬಹುದು. ಕೆನಡಾ ದೇಶವು 1971ರಲ್ಲಿ ತನ್ನ ರೇಡಿಯೋ ನಿಲಯಗಳು ಪ್ರಸಾರ ಮಾಡುವ ಸಂಗೀತದಲ್ಲಿ ಶೇ. 30 ಭಾಗವು ಸ್ವದೇಶದ್ದಾಗಿರಬೇಕೆಂದು ವಿಧಿಸಿತು. 2023ರಲ್ಲಿ ಅಂತರಜಾಲದ ಪ್ರಸಾರ ಸಂಸ್ಥೆಗಳನ್ನೂ ಕಾನೂನಿನ ವ್ಯಾಪ್ತಿಗೆ ತಂದಿತು. ಐರೋಪ್ಯ ಒಕ್ಕೂಟವು 2018ರಲ್ಲಿ ಒಟಿಟಿ ಸಂಸ್ಥೆಗಳ ಪಟ್ಟಿಯಲ್ಲಿ ಕನಿಷ್ಠ ಶೇ. 30ರಷ್ಟು ಯೂರೋಪಿನ ಕೃತಿಗಳಿರಬೇಕೆಂದೂ, ಅವು ಪ್ರೇಕ್ಷಕರ ಕಣ್ಣಿಗೆ ಬೀಳುವಂತೆ ಇರಬೇಕೆಂದೂ ನಿರ್ಣಯಿಸಿತು. ಸಾಂಸ್ಕೃತಿಕ ಅಭಿವ್ಯಕ್ತಿಗಳ ವೈವಿಧ್ಯವನ್ನು ಕಾಪಾಡುವ ಬಗ್ಗೆ ಯುನೆಸ್ಕೋ ಸಂಸ್ಥೆಯು 2005ರಲ್ಲಿ ಮಾಡಿದ ಒಪ್ಪಂದಕ್ಕೆ ಭಾರತವು 2006ರಲ್ಲಿಯೇ ಸಮ್ಮತಿಯಿತ್ತಿದೆ. 2017ರಲ್ಲಿ ಆ ಒಪ್ಪಂದವನ್ನು ಡಿಜಿಟಲ್ ಕ್ಷೇತ್ರಕ್ಕೆ ಅನ್ವಯಿಸುವ ಮಾರ್ಗಸೂಚಿಯೂ ಆಯಿತು. ಒಪ್ಪಿಕೊಂಡ ಮಾತನ್ನು ನಡೆಸುವುದಷ್ಟೇ ಬಾಕಿ.

ಆಗಬೇಕಾದ ಕಾರ್ಯ

ಹಾಗಾದರೆ ಮಾಧ್ಯಮ ನೀತಿಯಲ್ಲಿ ಸಂಸ್ಕೃತಿಗೆ ಯಾವ ಸ್ಥಾನವಿರಬೇಕು? ಕಾಪಾಡುವುದು, ಹೆಸರಿಡುವುದು, ಕಾಣುವಂತೆ ಮಾಡುವುದು, ಪ್ರತಿಫಲ ಸಲ್ಲಿಸುವುದು. ಈ ನಾಲ್ಕು ಹೊಣೆಗಳನ್ನು ಸರ್ಕಾರವು ಲಿಖಿತವಾಗಿ ಹೊತ್ತುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು ಸಂರಕ್ಷಣೆ. ಕನ್ನಡದಲ್ಲಿ ಪ್ರಕಟವಾಗುವ ಪ್ರತಿಯೊಂದು ಚಿತ್ರದ, ಧ್ವನಿಮುದ್ರಣದ ಒಂದು ಪ್ರತಿಯನ್ನು ರಾಜ್ಯದ ಭಂಡಾರಕ್ಕೆ ಒಪ್ಪಿಸುವ ಕಟ್ಟಳೆಯಾಗಬೇಕು. 2025ರ ಮಾರ್ಚ್ ತಿಂಗಳ ಆಯವ್ಯಯದಲ್ಲಿ ಕರ್ನಾಟಕ ಸರ್ಕಾರವು ಕನ್ನಡ ಚಿತ್ರಗಳ ಭಂಡಾರಕ್ಕಾಗಿ 3 ಕೋಟಿ ರೂಪಾಯಿಗಳನ್ನೂ, ರಾಜ್ಯದ್ದೇ ಆದ ಒಂದು ಒಟಿಟಿ ವೇದಿಕೆಯನ್ನೂ ಘೋಷಿಸಿತು. ಇದು ಸರಿಯಾದ ದಿಕ್ಕು. ಆದರೆ ಚಿತ್ರಗಳಿಗೆ ಮಾತ್ರ ಅದು ನಿಲ್ಲಬಾರದು. ರಂಗಗೀತೆಗಳ 78 ಸುತ್ತಿನ ತಟ್ಟೆಗಳು, ಮನೆಮನೆಯ ಕ್ಯಾಸೆಟ್ಟುಗಳು, ಹಳ್ಳಿಯ ಗಾಯಕರ ಕಂಠ ಇವುಗಳಿಗೂ ಅಲ್ಲಿ ಎಡೆಯಿರಬೇಕು. ಧ್ವನಿಮುದ್ರಣದ ಮೇಲಿನ ಹಕ್ಕೂ ಚಿತ್ರದ ಮೇಲಿನ ಹಕ್ಕೂ ನಮ್ಮ ಕಾನೂನಿನಂತೆ ಪ್ರಕಟಣೆಯಿಂದ 60 ವರ್ಷಗಳವರೆಗೆ ಇರುತ್ತವೆ. ಸಾಹಿತ್ಯ ಸಂಗೀತಗಳ ಹಕ್ಕು ಬೇರೆ. 1950ರ ದಶಕದ ಮುದ್ರಣಗಳ ಆ ಅವಧಿಯು ಮುಗಿದಿರುವುದರಿಂದ ಬಹುಪಾಲು ಸಾಮಗ್ರಿಯನ್ನು ಕೈಗೆತ್ತಿಕೊಳ್ಳಲು ಕಾನೂನಿನ ಅಡಚಣೆಯು ಅಲ್ಪ.

ಎರಡನೆಯದು ಹೆಸರು. ಭಂಡಾರಕ್ಕೆ ಸೇರುವ ಪ್ರತಿಯೊಂದು ಹಾಡಿನೊಡನೆ ಹಾಡಿದವರು, ಊರು, ಸಮುದಾಯ, ವರ್ಷ ಇವುಗಳನ್ನು ಕನ್ನಡ ಲಿಪಿಯಲ್ಲಿ, ಯೂನಿಕೋಡಿನಲ್ಲಿ ಬರೆದಿಡತಕ್ಕದ್ದು. ಇದು ಗುಮಾಸ್ತೆಯ ಕೆಲಸವೆಂದು ಕೀಳಾಗಿ ಕಾಣಬಾರದು. ಯೂಟ್ಯೂಬಿನಂಥ ವೇದಿಕೆಗಳಲ್ಲಿ 2007ರಿಂದ ಒಂದು ಯಾಂತ್ರಿಕ ವ್ಯವಸ್ಥೆ ಇದೆ: ನೋಂದಾಯಿತವಾದ ಮುದ್ರಣವನ್ನು ಹೊಸದಾಗಿ ಏರಿಸಿದ ಮುದ್ರಣದೊಡನೆ ಹೋಲಿಸಿ, ಸಾಮ್ಯ ಕಂಡಲ್ಲಿ ಹಕ್ಕಿನ ದಾವೆಯನ್ನು ಅದು ಎತ್ತುತ್ತದೆ. ನೋಂದಾಯಿಸಿದವನಿಗೆ ಅಲ್ಲಿ ಬಲ. ನೋಂದಾಯಿಸದ ಪರಂಪರೆಗೆ ಧ್ವನಿಯಿಲ್ಲ. ಕುಣಿಗಲ್ ಕೆರೆಯ ಹಾಡನ್ನು ಯಾರೋ ಒಬ್ಬರು ಹಾಡಿ ಮುದ್ರಿಸಿದರೆ ಆ ಮುದ್ರಣ ಅವರದು, ಹಾಡು ನಾಡಿನದು. ಈ ಭೇದವನ್ನು ಯಂತ್ರಕ್ಕೆ ತೋರಿಸಿಕೊಡಬೇಕಾದರೆ ಹಾಡಿನ ಮೂಲವನ್ನು ಸಾರುವ ಅಧಿಕೃತ ದಾಖಲೆಯೊಂದು ಸಾರ್ವಜನಿಕವಾಗಿ ಇರಲೇಬೇಕು.

ಮೂರನೆಯದು ಕಾಣುವಿಕೆ. ಕರ್ನಾಟಕದಲ್ಲಿ ಚಂದಾದಾರರನ್ನು ಪಡೆಯುವ ವೇದಿಕೆಗಳು ಕನ್ನಡದ ಕೃತಿಗಳನ್ನು ಮೊದಲ ಪುಟದಲ್ಲಿ ತೋರಿಸಬೇಕು. ಹುಡುಕಾಟವೂ ವಿವರಣೆಯೂ ಕನ್ನಡದಲ್ಲಿ ದೊರೆಯಬೇಕು. ಪ್ರಸಾರ ಮತ್ತು ಸಂಪರ್ಕಗಳು ಸಂವಿಧಾನದಲ್ಲಿ ಕೇಂದ್ರದ ಪಟ್ಟಿಗೆ ಸೇರಿರುವುದರಿಂದ ರಾಜ್ಯವು ಇದನ್ನು ತಾನೇ ವಿಧಿಸಲಾರದೆಂದು ಅಧಿಕಾರಿಗಳು ಹೇಳಬಹುದು. ನಿಜ. ಆದರೆ ಕೇಂದ್ರದ ಮುಂದೆ ವಾದಿಸುವುದಕ್ಕೆ ಪಟ್ಟಿಯ ಅಡ್ಡಿಯಿಲ್ಲ. ಅಲ್ಲದೆ ನಾಟಕ, ಮನರಂಜನೆ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳು ರಾಜ್ಯದ ಪಟ್ಟಿಯಲ್ಲಿಯೇ ಇವೆ. ಜಾಹೀರಾತಿನ ಹಣವಂತೂ ರಾಜ್ಯದ್ದೇ. ಅನುಯಾಯಿಗಳ ಸಂಖ್ಯೆಯನ್ನು ಎಣಿಸುವ ದರಪಟ್ಟಿಯಲ್ಲಿ, ಜಿಲ್ಲೆಯ ಕಲೆಯನ್ನು ಹೆಸರು ವಿಳಾಸಗಳೊಡನೆ ಪ್ರಕಟಿಸುವವರಿಗೆ ಒಂದು ಪಾಲನ್ನು ಮೀಸಲಿಡಲು ಯಾರ ಅಪ್ಪಣೆ ಬೇಕು?

ನಾಲ್ಕನೆಯದು ಪ್ರತಿಫಲ. 2024ರಲ್ಲಿ ಕರ್ನಾಟಕದ ಶಾಸನಸಭೆಯು ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗಾಗಿ ಒಂದು ಮಸೂದೆಯನ್ನು ಅಂಗೀಕರಿಸಿತು. ಚಿತ್ರಮಂದಿರದ ಟಿಕೆಟ್ಟುಗಳ ಮೇಲೂ ಚಂದಾಹಣದ ಮೇಲೂ ಶೇ. 1ರಿಂದ 2ರವರೆಗೆ ಕರವನ್ನು ವಿಧಿಸಲು ಅದು ಅವಕಾಶವೀಯುತ್ತದೆ. ಈ ನಿಧಿಯು ಬೆಂಗಳೂರಿನ ಚಿತ್ರರಂಗದಲ್ಲಿಯೇ ಸುತ್ತಿ ಮುಗಿಯಬಾರದು. ಸಾಂಸ್ಕೃತಿಕ ಕಾರ್ಯಕರ್ತನೆಂಬ ಪದದ ಅರ್ಥದಲ್ಲಿ ಗಣೆಯನ್ನು ನುಡಿಸುವ ಕಾಡುಗೊಲ್ಲನೂ, ಊರಿನ ಪೌರಾಣಿಕ ನಾಟಕಕ್ಕೆ ಹಾರ್ಮೋನಿಯಂ ಬಾರಿಸುವ ಮೇಷ್ಟರೂ ಸೇರಿದ್ದಾರೆಂಬುದನ್ನು ನಿಯಮಗಳಲ್ಲಿ ಸ್ಪಷ್ಟಪಡಿಸುವುದು ಅತ್ಯಾವಶ್ಯಕ.

ಆಕ್ಷೇಪಗಳು

ಜನರು ಬೇಕಾದುದನ್ನು ನೋಡುತ್ತಾರೆ, ಸರ್ಕಾರಕ್ಕೆ ಇದರಲ್ಲೇನು ಕೆಲಸವೆಂದು ಕೇಳುವವರುಂಟು. ಜನರ ಆಯ್ಕೆಯನ್ನು ಕಸಿದುಕೊಳ್ಳಬೇಕೆಂದು ನಾವು ಹೇಳಲಿಲ್ಲ. ಆದರೆ ಅಂಗಡಿಯಲ್ಲಿ ಇಡದ ಸರಕನ್ನು ಜನರು ಬೇಡವೆಂದರೆಂದು ಹೇಳುವುದು ನ್ಯಾಯವಲ್ಲ. ಇನ್ನು ಕೆಲವರು, ಸಂಸ್ಕೃತಿಯೆಂಬ ಪದವನ್ನು ಕಾನೂನಿನೊಳಗೆ ಬಿಟ್ಟರೆ ಅಧಿಕಾರಸ್ಥರು ತಮಗೊಪ್ಪುವ ಸಂಸ್ಕೃತಿಯನ್ನೇ ಎಲ್ಲರ ಮೇಲೂ ಹೇರುವರೆಂದು ಶಂಕಿಸುತ್ತಾರೆ. ಈ ಶಂಕೆಯು ನಿರಾಧಾರವಲ್ಲ. ಆ ಕಾರಣದಿಂದಲೇ ಸಂಸ್ಕೃತಿಯನ್ನು ನಿಷೇಧದ ಅಧ್ಯಾಯದಿಂದ ತೆಗೆದು ಒದಗಿಸುವ ಅಧ್ಯಾಯದಲ್ಲಿ ಬರೆಯಬೇಕೆಂದು ವಾದಿಸುತ್ತಿದ್ದೇವೆ. ಏನನ್ನು ಅಡಗಿಸಬೇಕೆಂದು ನಿರ್ಣಯಿಸುವ ಅಧಿಕಾರವು ದುರುಪಯೋಗವಾಗುವಷ್ಟು ಸುಲಭವಾಗಿ, ಎಲ್ಲವನ್ನೂ ಕೂಡಿಡುವ ಕರ್ತವ್ಯವು ದುರುಪಯೋಗವಾಗದು. ಗುಬ್ಬಿಯ ರಾಜಸಭೆಯ ದೃಶ್ಯವೂ ಗೊಲ್ಲರ ಹಟ್ಟಿಯ ಹಾಡೂ ಒಂದೇ ಭಂಡಾರದಲ್ಲಿ ಸಮಾನವಾಗಿ ಕುಳಿತರೆ ಯಾವುದು ಮೇಲೆಂದು ಸರ್ಕಾರವು ಹೇಳಬೇಕಾಗಿಲ್ಲ. ಸಂವಿಧಾನದ 29ನೆಯ ಅನುಚ್ಛೇದವು ತಮ್ಮದೇ ಆದ ಭಾಷೆ, ಲಿಪಿ, ಸಂಸ್ಕೃತಿಗಳುಳ್ಳ ಯಾವ ಜನವಿಭಾಗಕ್ಕೇ ಆಗಲಿ ಅವುಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು ಕೊಟ್ಟಿರುವುದೂ ಈ ಅರ್ಥದಲ್ಲಿಯೇ.

ಇಷ್ಟೆಲ್ಲ ಮಾಡಲು ಹಣವೆಲ್ಲಿ, ಜನವೆಲ್ಲಿ ಎಂಬ ಪ್ರಶ್ನೆಗೆ ಉತ್ತರವು ಹತ್ತಿರದಲ್ಲಿಯೇ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂದು ಹೆಸರು ಪಡೆದಿವೆ, ಅನೇಕ ಕಡೆಗಳಲ್ಲಿ ಗಣಕಯಂತ್ರವೂ ಬಂದಿದೆ. ಆ ಊರಿನ ಹಾಡುಗಾರರನ್ನು ಕರೆದು ಕೂರಿಸಿ, ಹಾಡಿಸಿ, ಹೆಸರು ಬರೆದಿಡಲು ಇದಕ್ಕಿಂತ ತಕ್ಕ ಸ್ಥಳವಿಲ್ಲ. 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಇದು ಅಧ್ಯಯನವೂ ಆದೀತು, ಸೇವೆಯೂ ಆದೀತು. ಸತ್ಯಮಂಗಲದ ಉದ್ಯಮಿಗಳು ಸಮಾಜಕಾರ್ಯಕ್ಕೆಂದು ತೆಗೆದಿಡುವ ಹಣದಲ್ಲಿ ಒಂದಂಶವನ್ನು ಇದಕ್ಕೆ ಸಲ್ಲಿಸಬಹುದು. ಅಧಿಕಾರಿಗಳಿಗೆ ಸರ್ಕಾರಿ ಕೆಲಸದ ನಡುವೆ ಇದಕ್ಕೆಲ್ಲಿ ಬಿಡುವು ಎನ್ನುವವರು ಎಚ್.ಎಲ್. ನಾಗೇಗೌಡರನ್ನು ನೆನೆಯಲಿ. ಆಡಳಿತ ಸೇವೆಯಲ್ಲಿದ್ದ ಅವರು ಜನಪದವನ್ನು ತಮ್ಮ ಹೊಣೆಯೆಂದು ತಿಳಿದು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದರು.

ಮುಂಬರುವ ಆಯವ್ಯಯಕ್ಕೆ ಮೊದಲು ಜಿಲ್ಲಾಡಳಿತವು ಒಂದು ಚಿಕ್ಕ ಕಾರ್ಯವನ್ನಾದರೂ ಕೈಗೊಳ್ಳಲಿ: ತುಮಕೂರು, ಗುಬ್ಬಿ, ಕುಣಿಗಲ್, ಶಿರಾ ತಾಲ್ಲೂಕುಗಳಲ್ಲಿ ಉಳಿದಿರುವ ಹಿರಿಯ ರಂಗಕಲಾವಿದರ ಮತ್ತು ಜನಪದ ಗಾಯಕರ ಒಂದು ಪಟ್ಟಿಯನ್ನು ಸಿದ್ಧಪಡಿಸಲಿ. ಅವರಲ್ಲಿ ಎಷ್ಟೋ ಮಂದಿ ವೃದ್ಧರು. ನೀತಿಯ ಕರಡು ಕಚೇರಿಯಿಂದ ಕಚೇರಿಗೆ ತಿರುಗುವವರೆಗೆ ಅವರು ಕಾದಿರಲಾರರು. ಪಟ್ಟಿಯನ್ನು ಮಾಡಲು ಹೊಸ ಕಾನೂನೂ ಬೇಡ, ಕೇಂದ್ರದ ಸಮ್ಮತಿಯೂ ಬೇಡ. ಆ ಕಾರ್ಯವು ಆರಂಭವಾದರೆ, ಮಾಧ್ಯಮ ನೀತಿಯಲ್ಲಿ ಸಂಸ್ಕೃತಿಯ ಸ್ಥಾನವೇನೆಂಬ ಪ್ರಶ್ನೆಗೆ ಒಂದು ಜಿಲ್ಲೆಯಾದರೂ ಉತ್ತರ ಕೊಟ್ಟಂತಾಗುವುದು.